ಹಂಗಿಲ್ಲದ ಬೆಂಬಲ: ಧಾರಾವಾಹಿಗಳ ಒಳ್ಳೆಯ ಗಂಡಸರ ಬಗ್ಗೆ

ಕಿರುತೆರೆಯ ನಾಯಕ ಕಳೆದ ಹದಿನೈದು ವರ್ಷಗಳಲ್ಲಿ ಬಹಳ ಬದಲಾಗಿದ್ದಾನೆ. ಅಮ್ಮನ ಮಾತು ಕೇಳಿಕೊಂಡು ಹೆಂಡತಿಯ ಮೇಲೆ ಕೈ ಎತ್ತುವವನು, ಎದುರಿಗೇ ಅನ್ಯಾಯ ನಡೆಯುತ್ತಿದ್ದರೂ ಊಟದ ತಟ್ಟೆಯಿಂದ ತಲೆ ಎತ್ತದವನು ಈಗ ಖಳರ ಸಾಲಿಗೆ ಸರಿದಿದ್ದಾನೆ. ಅವನ ಜಾಗಕ್ಕೆ ಹೆಂಡತಿಯನ್ನು ಓದಿಸುವವನು, ಅವಳ ಕೆಲಸಕ್ಕೆ ಹೆಗಲು ಕೊಡುವವನು, ಇಡೀ ಮನೆ ಅವಳನ್ನು ಕಟಕಟೆಯಲ್ಲಿ ನಿಲ್ಲಿಸಿದಾಗ ಎದ್ದು ಬಂದು ಅವಳ ಪಕ್ಕ ನಿಲ್ಲುವವನು ಬಂದಿದ್ದಾನೆ. ಹಿಂದಿಯ ‘ದಿಯಾ ಔರ್ ಬಾತಿ ಹಮ್’ನ ಸೂರಜ್, ‘ಅನುಪಮಾ’ದ ಅನುಜ್, ಕನ್ನಡದ ‘ಶ್ರೀರಸ್ತು ಶುಭಮಸ್ತು’ವಿನ ಮಾಧವ, ‘ಅಮೃತಧಾರೆ’ಯ ಗೌತಮ್, ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಕಂಠಿ, ಇವರೆಲ್ಲ ಈ ಹೊಸ ಸಾಲಿನವರು. ಇಂಥವರನ್ನು ಕಂಡು ಸ್ತ್ರೀವಾದ ಸಂತೋಷಪಡಬೇಕೆ, ಅನುಮಾನಪಡಬೇಕೆ? ನನಗೆ ಕಾಣುವಂತೆ, ಗಂಡಸು ಎಷ್ಟು ಒಳ್ಳೆಯವನು ಎಂದು ಕೇಳುತ್ತ ಕೂತರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಅವನು ಬೆಂಬಲ ಕೊಟ್ಟಾಗ ಅವನ ಕೈಯಿಂದ ಏನು ಬಿಟ್ಟುಹೋಯಿತು, ಆ ಬೆಂಬಲಕ್ಕಾಗಿ ಅವಳು ಎಷ್ಟು ಹಂಗು ಹೊರಬೇಕಾಯಿತು ಎಂದು ಕೇಳಬೇಕು. ಹಾಗೆ ಅಳೆದರೆ ನಮ್ಮ ಧಾರಾವಾಹಿಗಳ ಹೆಚ್ಚಿನ ನಾಯಕರು ಸೋಲುತ್ತಾರೆ; ಕಥೆಯ ಅಂಚಿನಲ್ಲಿ ಕೂತ ಕೆಲವು ಮುದುಕರು ಗೆಲ್ಲುತ್ತಾರೆ.

ಈ ಒಳ್ಳೆಯ ಗಂಡಸು ಟಿವಿಯಲ್ಲಿ ಹುಟ್ಟಿದವನಲ್ಲ. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುವುದು ರೂಢಿ. ಎಳೆಯ ವಿಧವೆ ಇಂದಿರಾ ಮನೆ ಬಿಟ್ಟು ಅಮೃತರಾಯರಲ್ಲಿ ಆಶ್ರಯ ಪಡೆಯುತ್ತಾಳೆ, ಓದುತ್ತಾಳೆ, ಭಾಸ್ಕರನನ್ನು ಮರುಮದುವೆಯಾಗುತ್ತಾಳೆ. ಸುಧಾರಣೆಯ ಕಾಲದ ಕಥೆಗಳಿಗೆಲ್ಲ ಒಂದು ಅಚ್ಚು ಇಲ್ಲಿಯೇ ಸಿದ್ಧವಾಗಿದೆ: ನೊಂದ ಹೆಣ್ಣು, ಬಾಗಿಲು ತೆರೆಯುವ ಹಿರಿಯ, ಕೈ ಹಿಡಿಯುವ ವಿದ್ಯಾವಂತ ತರುಣ. ಆದರೆ ಒಂದು ವಿವರವನ್ನು ಮರೆಯಬಾರದು. ಹೊಸ್ತಿಲು ದಾಟುವ ನಿರ್ಧಾರ ಇಂದಿರಾಳದ್ದು. ಅವಳು ಹೊರಟ ಮೇಲೆ ಗಂಡಸರು ನೆರವಿಗೆ ಬರುತ್ತಾರೆ. ಅವರು ಬಂದದ್ದರಿಂದ ಅವಳು ಹೊರಟದ್ದಲ್ಲ. ಮುಂದಿನ ನೂರಿಪ್ಪತ್ತು ವರ್ಷಗಳ ಜನಪ್ರಿಯ ಕಥನದಲ್ಲಿ ಈ ಕ್ರಮ ಎಷ್ಟು ಸಲ ತಲೆಕೆಳಗಾಗಿದೆ ಎನ್ನುವುದನ್ನು ನೋಡುತ್ತ ಹೋದರೆ ಬೆಂಬಲದ ರಾಜಕೀಯ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ದೂರದರ್ಶನದ ಕಾಲದಲ್ಲಿ ಈ ಕ್ರಮ ಇನ್ನೂ ಒಂದಿಷ್ಟು ನೆಟ್ಟಗಿತ್ತು. 1985ರ ‘ರಜನಿ’ಯಲ್ಲಿ ಪ್ರಿಯಾ ತೆಂಡೂಲ್ಕರ್ ಮಾಡಿದ ಗೃಹಿಣಿ ಊರಿನ ಅನ್ಯಾಯಗಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಗಂಡ ಮನೆಯಲ್ಲಿರುತ್ತಿದ್ದ, ಒಮ್ಮೊಮ್ಮೆ ಗೊಣಗುತ್ತಿದ್ದ, ಅಷ್ಟೇ. ರಜನಿ ಯಾರನ್ನೂ ಕೇಳಿಕೊಂಡು ಬೀದಿಗೆ ಇಳಿದವಳಲ್ಲವಾದ್ದರಿಂದ ಅವನ ಒಪ್ಪಿಗೆ ಕಥೆಗೆ ಬೇಕೇ ಇರಲಿಲ್ಲ. ಅದಕ್ಕಿಂತ ದೊಡ್ಡ ಉದಾಹರಣೆ 1989ರ ‘ಉಡಾನ್’. ಐಪಿಎಸ್ ಅಧಿಕಾರಿ ಕಾಂಚನ್ ಚೌಧರಿ ಭಟ್ಟಾಚಾರ್ಯ ಅವರ ಬದುಕನ್ನು ಆಧರಿಸಿ ಅವರ ತಂಗಿ ಕವಿತಾ ಚೌಧರಿ ಬರೆದು, ನಿರ್ದೇಶಿಸಿ, ತಾವೇ ಕಲ್ಯಾಣಿಯಾಗಿ ನಟಿಸಿದ ಧಾರಾವಾಹಿ ಅದು. ಅದರಲ್ಲಿ ಇಬ್ಬರು ಬೆಂಬಲದ ಗಂಡಸರಿದ್ದಾರೆ: ವಿಕ್ರಂ ಗೋಖಲೆ ಮಾಡಿದ ತಂದೆ, ಶೇಖರ್ ಕಪೂರ್ ಮಾಡಿದ ಜಿಲ್ಲಾಧಿಕಾರಿ. ತಂದೆ ಮಗಳ ಮೇಲೆ ನಂಬಿಕೆ ಇಡುತ್ತಾನೆ, ಆದರೆ ಅವಳ ಪರವಾಗಿ ಹೋರಾಡುವುದಿಲ್ಲ; ಅವನೇ ಸೋತವನು, ಆಸ್ತಿಯ ವಿಷಯದಲ್ಲಿ ಮೋಸಹೋದವನು. ಅವನು ಮಗಳಿಗೆ ಕೊಡಲು ಸಾಧ್ಯವಾದದ್ದು ಧೈರ್ಯವನ್ನು ಮಾತ್ರ. ಜಿಲ್ಲಾಧಿಕಾರಿ ಅವಳನ್ನು ಸರೀಕಳಂತೆ ನಡೆಸಿಕೊಳ್ಳುತ್ತಾನೆ, ಅವಳ ಜೊತೆ ಕೆಲಸದ ಮಾತಾಡುತ್ತಾನೆ. ಅವರ ನಡುವಿನ ಸ್ನೇಹವನ್ನು ಮದುವೆಯ ಕಥೆಯಾಗಿ ಬೆಳೆಸುವ ಅವಸರ ಅಲ್ಲಿಲ್ಲ. ಬೆಂಬಲ ಕೊಟ್ಟದ್ದಕ್ಕೆ ಹೆಣ್ಣನ್ನೇ ಬಹುಮಾನವಾಗಿ ಕೊಡಬೇಕು ಎನ್ನುವ ಲೆಕ್ಕವೂ ಇಲ್ಲ. ಇಂದಿನ ಧಾರಾವಾಹಿಗಳನ್ನು ನೋಡಿ ಬಂದ ಕಣ್ಣಿಗೆ ಇದು ಅಚ್ಚರಿಯಾಗಿ ಕಾಣುತ್ತದೆ.

ಖಾಸಗಿ ವಾಹಿನಿಗಳು ಬಂದ ಮೇಲೆ ಹೆಣ್ಣು ಬೀದಿಯಿಂದ ಮನೆಯೊಳಗೆ ಮರಳಿದಳು, ಅವಳ ಜೊತೆ ಕಥೆಯೂ ಮರಳಿತು. 2000ದಲ್ಲಿ ಶುರುವಾದ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ಯ ಮಿಹಿರ್ ವಿರಾನಿ ಆ ಕಾಲದ ಆದರ್ಶ ಗಂಡ. ಕಥೆಯಲ್ಲಿ ಅವನನ್ನು ಸಾಯಿಸಿದಾಗ ದೇಶದ ತುಂಬ ಪ್ರೇಕ್ಷಕರು ಗೋಳಾಡಿದರು, ವಾಹಿನಿ ಅವನನ್ನು ಬದುಕಿಸಿ ತರಬೇಕಾಯಿತು. ಬದುಕಿ ಬಂದವನು ಮರೆವಿನಲ್ಲಿ ಮಂದಿರಾ ಎಂಬವಳ ಜೊತೆ ಸಂಸಾರ ಹೂಡಿದ, ಆ ಸಂಬಂಧದಲ್ಲಿ ಹುಟ್ಟಿದ ಮಗನನ್ನೂ ಹೆಂಡತಿ ತುಳಸಿ ಮುಂದೆ ಮಡಿಲಿಗೆ ಹಾಕಿಕೊಂಡಳು. ಗಂಡನ ಒಳ್ಳೆಯತನಕ್ಕೆ ಬೆಲೆ ತೆರುವವಳು ಹೆಂಡತಿ ಎನ್ನುವ ಏರ್ಪಾಡು ಅಲ್ಲಿ ಸ್ಪಷ್ಟವಾಗಿಯೇ ಇತ್ತು. ಇದರ ಬಗ್ಗೆ ಇನ್ನೂ ಹೆಚ್ಚು ಹೇಳುವ ಅಗತ್ಯವಿಲ್ಲ. ಆ ದಶಕದ ಧಾರಾವಾಹಿಗಳನ್ನು ಬೇಕಾದಷ್ಟು ಜನ ಟೀಕಿಸಿದ್ದಾರೆ.

ಹೊಸ ಬಗೆಯ ಗಂಡ ನಿಜವಾಗಿ ಕಾಣಿಸಿಕೊಂಡದ್ದು 2011ರಲ್ಲಿ, ಪುಷ್ಕರದ ಮಿಠಾಯಿ ಅಂಗಡಿಯಲ್ಲಿ. ‘ದಿಯಾ ಔರ್ ಬಾತಿ ಹಮ್’ನ ಸೂರಜ್ ಹೆಚ್ಚು ಓದಿದವನಲ್ಲ. ಮಗನಿಗಿಂತ ಹೆಚ್ಚು ಓದಿದ ಸೊಸೆ ಬೇಡವೆಂದು ಹಟ ಹಿಡಿದ ತಾಯಿ ಭಾಭೋ. ಅಪ್ಪ ಅಮ್ಮನನ್ನು ಬಾಂಬ್ ಸ್ಫೋಟದಲ್ಲಿ ಕಳೆದುಕೊಂಡ ಸಂಧ್ಯಾಳನ್ನು ಅವಳ ಅಣ್ಣ ಓದಿನ ವಿಷಯ ಮುಚ್ಚಿಟ್ಟು ಈ ಮನೆಗೆ ಕೊಡುತ್ತಾನೆ. ಅವಳಿಗೆ ಐಪಿಎಸ್ ಕನಸು. ಮುಂದಿನ ಐದು ವರ್ಷ ಆ ಕನಸು ನನಸಾಗುವ ಕಥೆ. ಇಲ್ಲಿ ಮೆಚ್ಚಬೇಕಾದ್ದು ಬಹಳ ಇದೆ. ತನಗಿಂತ ಮೇಲಿನ ಹೆಂಡತಿಯನ್ನು ಕಂಡು ಕುಗ್ಗದ ಗಂಡನನ್ನು, ಅದೂ ಸಂಪ್ರದಾಯಸ್ಥ ರಾಜಸ್ಥಾನದ ಒಂದು ಪಟ್ಟಣದಲ್ಲಿ, ಹಿಂದಿ ಕಿರುತೆರೆ ಅಲ್ಲಿಯವರೆಗೆ ಹೀಗೆ ತೋರಿಸಿರಲಿಲ್ಲ. ಹೆಂಡತಿಯ ಸೆರಗು ಹಿಡಿದವನೆಂಬ ಹಂಗಣೆಯನ್ನು ಸೂರಜ್ ನುಂಗುತ್ತಾನೆ, ಅಂದರೆ ಅವನೂ ಏನನ್ನೋ ಕಳೆದುಕೊಳ್ಳುತ್ತಾನೆ. ಆದರೂ ಕಥೆಯ ಅಚ್ಚುಗೂಟ ಯಾವುದು ಎಂದು ನೋಡಿದರೆ ಅದು ಪರೀಕ್ಷೆಯೂ ಅಲ್ಲ, ತರಬೇತಿಯೂ ಅಲ್ಲ, ಭಾಭೋಳ ಒಪ್ಪಿಗೆ. ಸಂಧ್ಯಾ ಓದಬಹುದೇ ಎನ್ನುವುದನ್ನು ಮನೆ ತೀರ್ಮಾನಿಸುತ್ತದೆ. ಸೂರಜ್ ಮನೆಯ ಮುಂದೆ ಅವಳ ವಕೀಲನಾಗಿ ನಿಲ್ಲುತ್ತಾನೆ. ವಕೀಲ ಒಳ್ಳೆಯವನೇ. ಆದರೆ ಆ ನ್ಯಾಯಾಲಯಕ್ಕೆ ಅವಳ ಬದುಕಿನ ಮೇಲೆ ಅಧಿಕಾರವಿದೆಯೇ ಎಂದು ಅವನೂ ಕೇಳುವುದಿಲ್ಲ, ಅವಳೂ ಕೇಳುವುದಿಲ್ಲ. ಇನ್ನೊಂದು ವಿಷಯ: ದಿನವಿಡೀ ಬಾಣಲೆಯ ಮುಂದೆ ನಿಂತು ಮಿಠಾಯಿ ಮಾಡುವುದೇ ಸೂರಜ್‌ನ ಕಸುಬು, ಊರೆಲ್ಲ ಮೆಚ್ಚಿದ ಕೈರುಚಿ ಅವನದು. ಆ ಮನೆಯೊಳಗೆ ಮಾತ್ರ ಅಡುಗೆ ಸೊಸೆಯ ಯೋಗ್ಯತೆಯ ಪರೀಕ್ಷೆಯಾಗಿಯೇ ಉಳಿಯುತ್ತದೆ.

ಇದೇ ಎಳೆ ಕನ್ನಡದಲ್ಲಿ ಎಷ್ಟು ಬಿಗಿಯಾಗಿ, ಎಷ್ಟು ನೋವಿನಿಂದ ಬಂದಿದೆ ಎನ್ನುವುದಕ್ಕೆ ‘ಪುಟ್ಟಕ್ಕನ ಮಕ್ಕಳು’ ಸಾಕ್ಷಿ. 2021ರ ಕೊನೆಯಲ್ಲಿ ಜೀ ಕನ್ನಡದಲ್ಲಿ ಶುರುವಾದ ಈ ಧಾರಾವಾಹಿಯ ಮೂಲ ಕಲ್ಪನೆಯೇ ಸ್ತ್ರೀವಾದಿಯಾದದ್ದು. ಮೂರೂ ಹೆಣ್ಣೇ ಹುಟ್ಟಿದವೆಂದು ಗಂಡ ಬಿಟ್ಟುಹೋದ ಪುಟ್ಟಕ್ಕ ಮೆಸ್ ನಡೆಸಿ ಮಕ್ಕಳನ್ನು ಸಾಕುತ್ತಾಳೆ. ಉಮಾಶ್ರೀ ಆ ಪಾತ್ರಕ್ಕೆ ತಂದ ಬೆವರು, ಹೊಗೆ, ಸಿಟ್ಟು ಯಾವುದೂ ಹುಸಿಯಲ್ಲ. ನಡುವಿನ ಮಗಳು ಸ್ನೇಹಾ ಡಿಸಿ ಆಗಬೇಕೆಂದವಳು. ಊರಿಗೆ ಬಡ್ಡಿ ಸಾಲ ಕೊಟ್ಟು ಹೆದರಿಸುವ ಬಂಗಾರಮ್ಮನನ್ನು ಕಂಡರೆ ಅವಳಿಗೆ ಆಗದು. ಬಂಗಾರಮ್ಮನ ಮಗ ಕಂಠಿ ಅವಳನ್ನು ಪ್ರೀತಿಸುತ್ತಾನೆ, ತಾನು ಯಾರ ಮಗ ಎನ್ನುವುದನ್ನು ಮುಚ್ಚಿಟ್ಟೇ ಮದುವೆಯಾಗುತ್ತಾನೆ. ಆಮೇಲೆ ಅವಳ ಓದಿಗೆ, ಕನಸಿಗೆ, ಪುಟ್ಟಕ್ಕನ ಮನೆಗೆ ಬೆನ್ನೆಲುಬಾಗಿ ನಿಲ್ಲುತ್ತಾನೆ. ಪ್ರೇಕ್ಷಕರು ಅವನನ್ನು ಮನೆಮಗನಂತೆ ಹಚ್ಚಿಕೊಂಡರು, ಹಚ್ಚಿಕೊಳ್ಳುವಂಥ ಗುಣ ಅವನಲ್ಲಿತ್ತು. ಆದರೆ ಆ ಬೆಂಬಲದ ಬುಡದಲ್ಲಿರುವ ಸುಳ್ಳನ್ನು ಗಮನಿಸಬೇಕು. ಯಾರನ್ನು ಮದುವೆಯಾಗುತ್ತಿದ್ದೇನೆ ಎಂದು ತಿಳಿದು ಒಪ್ಪುವ ಅವಕಾಶವೇ ಸ್ನೇಹಾಗೆ ಸಿಗಲಿಲ್ಲ. ಅವಳ ಅತಿ ಮುಖ್ಯ ನಿರ್ಧಾರವನ್ನು ಅವಳ ಕೈಯಿಂದ ಕಸಿದವನೇ ಉಳಿದ ನಿರ್ಧಾರಗಳಲ್ಲಿ ಅವಳ ಪಕ್ಷಪಾತಿ. ಸತ್ಯ ಹೊರಬಿದ್ದಾಗ ಕಥೆ ಅವಳ ಸಿಟ್ಟನ್ನು ಒಂದಷ್ಟು ದಿನ ತೋರಿಸಿತು, ಬಳಿಕ ಆ ಸಿಟ್ಟು ಕರಗಲೇಬೇಕಾದ ಅಡ್ಡಿಯಾಗಿ ಬದಲಾಯಿತು. ಇಷ್ಟು ಒಳ್ಳೆಯವನನ್ನು ಇವಳು ಇನ್ನೂ ಕ್ಷಮಿಸಿಲ್ಲವಲ್ಲ ಎಂದು ನೋಡುಗರು ಚಡಪಡಿಸುವಂತೆ ದೃಶ್ಯಗಳನ್ನು ಹೊಸೆಯಲಾಯಿತು.

ಸ್ನೇಹಾ ಕೊನೆಗೂ ಡಿಸಿ ಆದಳು. 2024ರಲ್ಲಿ ಆ ಪಾತ್ರ ಮಾಡುತ್ತಿದ್ದ ನಟಿ ಧಾರಾವಾಹಿಯಿಂದ ಹೊರನಡೆದಾಗ ಕಥೆ ಸ್ನೇಹಾಳನ್ನು ಅಪಘಾತದಲ್ಲಿ ಸಾಯಿಸಿ, ಅವಳ ಹೃದಯವನ್ನು ಸ್ನೇಹಾ ಎಂಬ ಹೆಸರಿನ ಇನ್ನೊಬ್ಬ ಯುವತಿಗೆ ಕಸಿ ಮಾಡಿಸಿತು. ನಟಿ ಬಿಟ್ಟುಹೋದರೆ ಬರೆಯುವವರು ಏನಾದರೂ ಮಾಡಲೇಬೇಕು, ಅದು ಅರ್ಥವಾಗುವ ಕಷ್ಟ. ಆದರೆ ಕಥೆ ಏನನ್ನು ಕಳೆದುಕೊಳ್ಳಲು ಒಪ್ಪಿತು, ಏನನ್ನು ಉಳಿಸಿಕೊಂಡಿತು ಎನ್ನುವುದು ಬರೆಯುವವರ ಆಯ್ಕೆ. ನೂರಾರು ಎಪಿಸೋಡುಗಳ ದುಡಿಮೆಯಿಂದ ಗಳಿಸಿದ ಜಿಲ್ಲಾಧಿಕಾರಿಯ ಕುರ್ಚಿ ಹೋಯಿತು, ಓದಿದ ತಲೆ ಹೋಯಿತು. ಕಂಠಿಗಾಗಿ ಮಿಡಿಯಬೇಕಾದ ಹೃದಯ ಮಾತ್ರ ಉಳಿಯಿತು. ನಾಯಕಿಯನ್ನು ಬದಲಿಸಬಹುದು, ಅವಳನ್ನು ಪ್ರೀತಿಸುವ ಒಳ್ಳೆಯ ಗಂಡನ ಜಾಗ ಖಾಲಿ ಬೀಳಬಾರದು ಎನ್ನುವ ನಂಬಿಕೆ ಅದರ ಹಿಂದಿದೆ. ಬೆಂಬಲದ ಕಥೆಯಲ್ಲಿ ಬೆಂಬಲ ಪಡೆಯುವವಳಿಗಿಂತ ಕೊಡುವವನೇ ಮುಖ್ಯನಾಗುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಕನ್ನಡದಲ್ಲಿ ನನಗೆ ಕಾಣುವುದಿಲ್ಲ.

ಈ ಒಲವು ಕಥೆಯ ಹಂದರದಲ್ಲಿ ಮಾತ್ರವಲ್ಲ, ಒಂದೊಂದು ದೃಶ್ಯದ ಹೆಣಿಗೆಯಲ್ಲೂ ಇದೆ. ಹೆಚ್ಚುಕಡಿಮೆ ಎಲ್ಲ ಧಾರಾವಾಹಿಗಳಲ್ಲೂ ಬರುವ ಒಂದು ದೃಶ್ಯವನ್ನು ತೆಗೆದುಕೊಳ್ಳೋಣ. ನಾಯಕಿ ಅಡುಗೆಮನೆಯಲ್ಲಿದ್ದಾಳೆ, ಸುಸ್ತಾಗಿದ್ದಾಳೆ, ಕೈಗೆ ಬಿಸಿ ತಾಗುತ್ತದೆ. ನಾಯಕ ಒಳಗೆ ಬಂದು ಅವಳ ಕೈಯಿಂದ ಸೌಟು ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ಕೊಳಲು ಶುರುವಾಗುತ್ತದೆ, ಚಿತ್ರ ನಿಧಾನವಾಗುತ್ತದೆ. ಕ್ಯಾಮೆರಾ ಮೊದಲು ಅವನ ಮುಖ, ಆಮೇಲೆ ಬಾಗಿಲಲ್ಲಿ ನಿಂತ ಅತ್ತೆಯ ಉರಿಗಣ್ಣು, ನಾದಿನಿಯ ಬೆರಗು, ಕೊನೆಗೆ ನೀರು ತುಂಬಿದ ನಾಯಕಿಯ ಕಣ್ಣು ತೋರಿಸುತ್ತದೆ. ಅವನು ಸೌಟು ಹಿಡಿದದ್ದು ನಾಲ್ಕು ಕ್ಷಣ. ಅವಳು ಅದೇ ಸೌಟು ಹಿಡಿದು ಕಳೆದ ವರ್ಷಗಳಿಗೆ ಕೊಳಲೂ ಇಲ್ಲ, ಸ್ಲೋ ಮೋಷನ್ನೂ ಇಲ್ಲ. ಅವನ ಕೆಲಸ ಘಟನೆ, ಅವಳದು ಹಿನ್ನೆಲೆ. ಮರುದಿನದ ಎಪಿಸೋಡಿನಲ್ಲಿ ಸೌಟು ಮತ್ತೆ ಅವಳ ಕೈಯಲ್ಲೇ ಇರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಪರದೆಯ ಹೊರಗಿನ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರು ದುಡಿದದ್ದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇವು 289 ಮತ್ತು 88 ಆದವು. ಐದು ವರ್ಷಗಳಲ್ಲಿ ಕಿರುತೆರೆಯ ಗಂಡಸು ಎಷ್ಟೆಲ್ಲ ಸೌಟು ಹಿಡಿದರೂ ಮನೆಯ ಗಂಡಸಿನ ಪಾಲು ಏರಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ಹೊರತಂದ ‘ದಿ ಸೆಕೆಂಡ್ ಶಿಫ್ಟ್’ ಪುಸ್ತಕ ದುಡಿಯುವ ದಂಪತಿಗಳ ಮನೆಗೆಲಸವನ್ನು ಹತ್ತಿರದಿಂದ ನೋಡಿತು. ಸಂಸಾರದಲ್ಲಿ ದುಡ್ಡು, ಶ್ರಮಗಳಂತೆ ಕೃತಜ್ಞತೆಯೂ ಕೊಟ್ಟು ಪಡೆಯುವ ಸರಕು ಎನ್ನುವುದು ಆಕೆಯ ಒಳನೋಟ. ಯಾವುದು ಕರ್ತವ್ಯ, ಯಾವುದು ಉಡುಗೊರೆ ಎನ್ನುವುದನ್ನು ಸಮಾಜ ಮೊದಲೇ ಗೊತ್ತುಮಾಡಿಟ್ಟಿರುತ್ತದೆ. ಹೆಂಡತಿ ಮಾಡುವ ಕೆಲಸ ಕರ್ತವ್ಯದ ಖಾತೆಗೆ, ಗಂಡ ಮಾಡುವ ಅದೇ ಕೆಲಸ ಉಡುಗೊರೆಯ ಖಾತೆಗೆ ಹೋಗುತ್ತದೆ. ಹಾಗಾಗಿ ಕಡಿಮೆ ಮಾಡುವವನಿಗೆ ಹೆಚ್ಚು ಕೃತಜ್ಞತೆ ಸಲ್ಲುತ್ತದೆ. ನಮ್ಮ ಧಾರಾವಾಹಿಗಳ ಕೊಳಲು ಈ ಎರಡನೆಯ ಖಾತೆಯ ಸಂಗೀತ. ನಾಯಕಿಯ ಕಣ್ಣೀರು ನೋಡುವ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತದೆ: ಇಂಥವನು ಸಿಕ್ಕರೆ ಪುಣ್ಯ. ಪುಣ್ಯ ಎಂದ ಕೂಡಲೇ ಅದು ಹಕ್ಕಾಗಿ ಉಳಿಯುವುದಿಲ್ಲ. ಹಕ್ಕನ್ನು ಕೇಳಿ ಪಡೆಯಬಹುದು, ಸಿಗದಿದ್ದರೆ ಜಗಳವಾಡಬಹುದು; ಪುಣ್ಯಕ್ಕೆ ಕೈ ಮುಗಿಯಬಹುದು ಅಷ್ಟೇ.

‘ಅನುಪಮಾ’ ಈ ಚರ್ಚೆಯನ್ನು ಇನ್ನೊಂದು ಮಜಲಿಗೆ ಒಯ್ಯುತ್ತದೆ. ಬಂಗಾಳಿಯ ‘ಶ್ರೀಮೊಯಿ’ ಮೂಲದ ಈ ಕಥೆ ಹಿಂದಿ, ಮರಾಠಿ, ತೆಲುಗು, ತಮಿಳು, ಮಲಯಾಳಂಗಳಲ್ಲಿ ಬಂತು. ಕನ್ನಡದಲ್ಲಿ ‘ಇಂತಿ ನಿಮ್ಮ ಆಶಾ’ ಆಯಿತು. ಬೆಳೆದ ಮಕ್ಕಳ ತಾಯಿಯೊಬ್ಬಳು ಮೋಸಮಾಡಿದ ಗಂಡನನ್ನು ಬಿಟ್ಟು ತನ್ನ ಕಾಲ ಮೇಲೆ ನಿಲ್ಲುವ ಕಥೆಯನ್ನು ಇಷ್ಟು ಭಾಷೆಗಳ ಮನೆಗಳು ರಾತ್ರಿ ಊಟದ ಹೊತ್ತಿಗೆ ಕೂತು ನೋಡಿದ್ದು ಸಣ್ಣ ವಿಷಯವಲ್ಲ. ಹಿಂದಿಯಲ್ಲಿ 2021ರಲ್ಲಿ ಅನುಜ್ ಕಾಪಾಡಿಯಾ ಬಂದ. ಕಾಲೇಜಿನ ದಿನಗಳಿಂದ ಅವಳನ್ನು ಮನಸ್ಸಿನಲ್ಲೇ ಇಟ್ಟುಕೊಂಡವನು, ಅವಳ ಕಲೆಯನ್ನು ಗೌರವಿಸುವವನು, ಅವಳ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆ ಮುಂದಿಡದವನು. ಒಪ್ಪಿಗೆಯ ವಿಷಯದಲ್ಲಿ ಅನುಜ್ ಹಿಂದಿ ಕಿರುತೆರೆಗೆ ಕಲಿಸಿದ್ದು ಬಹಳ, ಅದನ್ನು ಮನಸಾರೆ ಒಪ್ಪಬೇಕು. ತೊಡಕಿರುವುದು ಅವನು ಯಾರು ಎನ್ನುವುದರಲ್ಲಿ. ಅವನು ಭಾರಿ ಉದ್ಯಮಿ. ಅನುಪಮಾಳ ಸ್ವಾತಂತ್ರ್ಯಕ್ಕೆ ಬಂಡವಾಳ ಹೂಡಲು ಬರುವವನು ಅವಳನ್ನು ಪ್ರೀತಿಸುವವನೇ. ಗಂಡನ ಮನೆಯಿಂದ ಹೊರಬಿದ್ದ ಹೆಂಗಸಿಗೆ ನಿಜಜೀವನದಲ್ಲಿ ಎದುರಾಗುವ ಮೊದಲ ಪ್ರಶ್ನೆಗಳು ಬಾಡಿಗೆ, ಮುಂಗಡ, ಸಂಬಳ, ಜೀವನಾಂಶ. ಅವಕ್ಕೆ ಕಥೆ ಕೊಟ್ಟ ಉತ್ತರ ಒಬ್ಬ ಶ್ರೀಮಂತ ಪ್ರೇಮಿ. 2022ರಲ್ಲಿ ಅವರ ಮದುವೆಯಾಯಿತು. ಆಮೇಲೆ ದತ್ತುಮಗಳ ವಿಷಯದಲ್ಲಿ, ಹಳೆಯ ಮನೆಯ ಜವಾಬ್ದಾರಿಗಳ ವಿಷಯದಲ್ಲಿ ಮನಸ್ತಾಪ ಬಂದಾಗ ಅದೇ ಅನುಜ್ ದೂರ ಸರಿದ. ಕೊಟ್ಟವನು ಹಿಂತೆಗೆದುಕೊಳ್ಳಬಲ್ಲ ಬೆಂಬಲ ಎಂಥದ್ದೆಂದು ಅಲ್ಲಿ ಕಂಡಿತು.

ನಮ್ಮ ಕಿರುತೆರೆಯ ಬೆಂಬಲದ ಗಂಡಂದಿರು ಬಹುಪಾಲು ಉಳ್ಳವರು ಎನ್ನುವುದು ಕಾಕತಾಳೀಯವಲ್ಲ. ‘ಅಮೃತಧಾರೆ’ಯ ಗೌತಮ್ ಉದ್ಯಮಿ, ಭೂಮಿಕಾ ಮಧ್ಯಮವರ್ಗದ ಶಿಕ್ಷಕಿ. ಹಿಂದಿಯ ‘ಬಡೇ ಅಚ್ಛೇ ಲಗ್ತೇ ಹೈಂ’ನಿಂದ ಬಂದ ಈ ಕಥೆಯಲ್ಲಿ ವಯಸ್ಸು ಮೀರಿದ ಇಬ್ಬರ ಗೌರವದ ಸಂಬಂಧ ಸೊಗಸಾಗಿ ಬಂದಿದೆ, ಆದರೆ ಅವನ ಔದಾರ್ಯಕ್ಕೆ ಅಡಿಪಾಯ ಅವನ ಬಂಗಲೆ. ಔದಾರ್ಯ ಸಂಪತ್ತಿನ ಗುಣವಾಗಿಬಿಟ್ಟರೆ ಬೀಡಿ ಕಟ್ಟುವ, ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹೆಂಗಸಿನ ಗಂಡ ಬೆಂಬಲ ಕೊಡುವುದು ಹೇಗೆಂದು ಯಾರು ತೋರಿಸಬೇಕು? ಬೆಳಗಿನ ಪಾಳಿಗೆ ಹೋಗುವ ಹೆಂಡತಿಗೆ ಡಬ್ಬಿ ಕಟ್ಟಿಕೊಡುವ, ಮಕ್ಕಳ ತಲೆ ಬಾಚುವ ಆಟೊ ಚಾಲಕರು ಕರ್ನಾಟಕದಲ್ಲಿ ಇಲ್ಲದಿಲ್ಲ. ಅವರು ನಾಯಕರಾಗುವುದಿಲ್ಲ. ಜಾತಿಯ ವಿಷಯದಲ್ಲಂತೂ ಮೌನ ಇನ್ನೂ ದಟ್ಟ. ದಲಿತ ಹೆಣ್ಣುಮಗಳೊಬ್ಬಳ ಪಕ್ಕ ಅವಳ ಅಪ್ಪನೋ ಅಣ್ಣನೋ ಗಂಡನೋ ನಿಲ್ಲುವುದು ಎಂದರೆ ಏನು, ಆಗ ಅವನೇ ಎಷ್ಟು ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ ಎನ್ನುವ ಕಥೆಯನ್ನು ನಮ್ಮ ಪ್ರೈಮ್ ಟೈಮ್ ಕೈಗೆತ್ತಿಕೊಳ್ಳುವುದೇ ಇಲ್ಲ.

ಹಾಗಾದರೆ ಗೆಲ್ಲುವವರು ಯಾರು? 2022ರಲ್ಲಿ ಶುರುವಾದ ‘ಶ್ರೀರಸ್ತು ಶುಭಮಸ್ತು’ವಿನಲ್ಲಿ ಸುಧಾರಾಣಿ ಮಾಡಿದ ತುಳಸಿ ಮಧ್ಯವಯಸ್ಸಿನ ವಿಧವೆ. ಮಾಧವನ ಜೊತೆ ಅವಳ ಮರುಮದುವೆ ಕಥೆಯ ಕೇಂದ್ರ. ಮಾಧವ ಸಜ್ಜನ, ಸರಿ. ಆದರೆ ಆ ಧಾರಾವಾಹಿಯಲ್ಲಿ ಸ್ತ್ರೀವಾದದ ಕಣ್ಣಿಗೆ ಬೀಳಬೇಕಾದವನು ದತ್ತ, ತುಳಸಿಯ ತೀರಿಹೋದ ಗಂಡನ ಅಪ್ಪ. ಮಗನಿಲ್ಲದ ಮನೆಯಲ್ಲಿ ಈ ಮುದುಕನಿಗೆ ಆಸರೆ ಸೊಸೆಯೇ. ಅವಳನ್ನು ಹಿಡಿದಿಟ್ಟುಕೊಳ್ಳಲು ಶಾಸ್ತ್ರ, ಊರು, ಸ್ವಾರ್ಥ ಎಲ್ಲವೂ ಅವನ ಪಕ್ಷದಲ್ಲಿವೆ. ಅವನು ಅವಳನ್ನು ಹೋಗಗೊಡುತ್ತಾನೆ, ಮದುವೆಗೆ ತಾನೇ ಮುಂದೆ ನಿಲ್ಲುತ್ತಾನೆ. ಇಲ್ಲಿ ಬೆಂಬಲಕ್ಕೆ ಪ್ರತಿಯಾಗಿ ಅವನಿಗೆ ಪ್ರೀತಿ ಸಿಗಬೇಕಿಲ್ಲ, ಹೆಣ್ಣು ಸಿಗಬೇಕಿಲ್ಲ. ಇದ್ದ ಆಸರೆಯೂ ಹೋಗುತ್ತದೆ. ‘ಅನುಪಮಾ’ದಲ್ಲಿ ನಾಯಕಿಯ ಮಾವ ಬಾಪೂಜಿಯೂ ಇದೇ ಜಾತಿಯವನು. ತನ್ನ ಮಗನನ್ನು ಬಿಟ್ಟ ಸೊಸೆಯ ಜೊತೆ ಅವನು ನಿಲ್ಲುತ್ತಾನೆ, ಮಗನ ತಪ್ಪನ್ನು ಮಗನ ಮುಖಕ್ಕೇ ಹೇಳುತ್ತಾನೆ. ಮಾವಂದಿರ ಈ ಬೆಂಬಲಕ್ಕೂ ಮಿತಿಯಿದೆ ಎನ್ನುವುದು ನಿಜ. ಹೆಣ್ಣನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಒಪ್ಪಿಸುವ ಕೈ ಮತ್ತೆ ಗಂಡಸಿನದೇ, ಅವಳು ಮತ್ತೆ ಯಾರದೋ ಸೊಸೆಯೇ. ಆದರೂ ತನ್ನ ಹಕ್ಕೆಂದು ಲೋಕ ಒಪ್ಪಿದ್ದನ್ನು ಕೈಬಿಡುವ ಗಂಡಸನ್ನು ತೋರಿಸುವುದು, ಇಲ್ಲದ ಅಧಿಕಾರದಿಂದ ವರ ಕೊಡುವ ಗಂಡಸನ್ನು ತೋರಿಸುವುದಕ್ಕಿಂತ ಬಹಳ ದೂರದ ಹೆಜ್ಜೆ.

ಪ್ರೇಮಕಥೆಯ ನಾಯಕನಿಗೆ ಹೀಗೆ ಕೈಬಿಡುವುದು ಅಸಾಧ್ಯವೇನಲ್ಲ. ಡೆನ್ಮಾರ್ಕಿನ ಸಾರ್ವಜನಿಕ ವಾಹಿನಿ 2010ರಲ್ಲಿ ತಂದ ‘ಬೋರ್ಗನ್’ನಲ್ಲಿ ಬಿರ್ಗಿಟ್ ನ್ಯುಬೋರ್ಗ್ ಪ್ರಧಾನಿಯಾಗುತ್ತಾಳೆ. ಸರದಿಯ ಮೇಲೆ ಒಬ್ಬರ ವೃತ್ತಿಗೆ ಇನ್ನೊಬ್ಬರು ದಾರಿ ಬಿಡಬೇಕೆಂದು ಮೊದಲೇ ಮಾತಾಡಿಕೊಂಡ ಗಂಡ ಫಿಲಿಪ್ ಮನೆ, ಮಕ್ಕಳನ್ನು ನೋಡಿಕೊಳ್ಳುತ್ತಾನೆ. ಅವನು ಸಂತನಲ್ಲ. ಬೇಸರ ಬರುತ್ತದೆ, ಕೆಲಸಕ್ಕೆ ಮರಳುತ್ತಾನೆ. ಅವನ ಕಂಪನಿಗೂ ಸರ್ಕಾರದ ಯುದ್ಧವಿಮಾನ ಖರೀದಿಗೂ ನಂಟಿರುವುದು ಹೊರಬಿದ್ದಾಗ ಹೆಂಡತಿಯ ಒತ್ತಾಯಕ್ಕೆ ಆ ಕೆಲಸ ಬಿಡಬೇಕಾಗುತ್ತದೆ, ಸಂಸಾರ ಮುರಿಯುತ್ತದೆ. ಬೆಂಬಲಕ್ಕೆ ಎಷ್ಟು ಬೆಲೆ ತೆರಬೇಕು, ಆ ಬೆಲೆಯನ್ನು ಎಷ್ಟು ದಿನ ತೆರಬಹುದು ಎಂದು ಆ ಧಾರಾವಾಹಿ ಗಂಡಸಿನ ಮೈಮೇಲೆ ಬರೆದು ತೋರಿಸುತ್ತದೆ. ಅದನ್ನು ನಕಲು ಮಾಡಿ ಎನ್ನುತ್ತಿಲ್ಲ. ಕೋಪನ್‌ಹೇಗನ್ನಿನ ಮನೆ ಬೇರೆ, ಕೂಡುಕುಟುಂಬದ ಪಡಸಾಲೆ ಬೇರೆ. ಆದರೆ ಫಿಲಿಪ್‌ಗೆ ಬರುವ ಬೇಸರ ನಮ್ಮ ಯಾವ ಒಳ್ಳೆಯ ಗಂಡನಿಗೂ ಬರುವುದಿಲ್ಲ. ನಮ್ಮವನ ಬೆಂಬಲ ಕಷ್ಟದ್ದೆಂದು ಕಾಣುವುದೇ ಇಲ್ಲವಾದ್ದರಿಂದ ಅದು ಸ್ವಭಾವದ ಗುಣವಾಗಿ, ದೇವರು ಕೊಟ್ಟ ವರವಾಗಿ ತೋರುತ್ತದೆ. ಕಲಿಯಬಹುದಾದ, ಕಲಿಯಲೇಬೇಕಾದ ನಡವಳಿಕೆಯಾಗಿ ತೋರುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೊದಲನೆಯದು, ಹೊಡೆಯುವ ನಾಯಕನಿಗಿಂತ ಓದಿಸುವ ನಾಯಕ ಮೇಲಲ್ಲವೇ, ಸಿಕ್ಕಷ್ಟನ್ನು ಒಪ್ಪಿಕೊಳ್ಳಬಾರದೇ ಎನ್ನುವುದು. ಮೇಲೇ, ಅದರಲ್ಲಿ ಅನುಮಾನವಿಲ್ಲ. ಧಾರಾವಾಹಿಗಳು ಮನಸ್ಸುಗಳನ್ನು ಬದಲಿಸುತ್ತವೆ ಎನ್ನುವುದಕ್ಕೂ ಆಧಾರವಿದೆ. ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ 2001ರಿಂದ 2003ರವರೆಗೆ ಭಾರತದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವನ್ನು 2009ರಲ್ಲಿ ಪ್ರಕಟಿಸಿದರು. ಕೇಬಲ್ ಬಂದ ಹಳ್ಳಿಗಳಲ್ಲಿ ಹೆಂಡತಿಯನ್ನು ಹೊಡೆಯುವುದು ಸರಿ ಎನ್ನುವ ಹೆಂಗಸರು ಕಡಿಮೆಯಾಗಿದ್ದರು, ಗಂಡುಮಗುವೇ ಬೇಕೆನ್ನುವ ಹಂಬಲವೂ ಇಳಿದಿತ್ತು. ಅದು ‘ಕ್ಯೋಂಕಿ’ಯಂಥ ಧಾರಾವಾಹಿಗಳ ಕಾಲ, ಅಷ್ಟರಿಂದಲೂ ಅಷ್ಟು ಆಯಿತು. ಹಾಗಿದ್ದ ಮೇಲೆ ಪರದೆಯ ಮೇಲಿನ ಬೆಂಬಲ ಎಂಥದ್ದು ಎನ್ನುವುದು ಇನ್ನಷ್ಟು ಮುಖ್ಯವಾಗುತ್ತದೆ. ಬರೆದವರ ಉದ್ದೇಶವೊಂದೇ ಸಾಲದು ಎನ್ನುವುದನ್ನು 1984ರ ‘ಹಮ್ ಲೋಗ್’ ಕಲಿಸಿದೆ. ಎಲ್ಲವನ್ನೂ ಸಹಿಸುವ ಭಾಗವಂತಿಯನ್ನು ಹೀಗಿರಬೇಡಿ ಎಂಬ ಎಚ್ಚರಿಕೆಯಾಗಿ ರೂಪಿಸಿದ್ದರು. ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ನಡೆಸಿದ ಅಧ್ಯಯನದಲ್ಲಿ ಅನೇಕ ಪ್ರೇಕ್ಷಕರು ಅವಳನ್ನೇ ಆದರ್ಶ ಹೆಂಗಸೆಂದು ಹಚ್ಚಿಕೊಂಡದ್ದು ಕಂಡುಬಂತು. ನೋಡುಗರು ಕಥೆಯ ನೀತಿಯನ್ನು ಬಿಟ್ಟು ಕಥೆಯ ಭಾವವನ್ನು ಹಿಡಿಯುತ್ತಾರೆ. ಇಂದಿನ ಕಥೆ ಹೆಣ್ಣು ಓದಬೇಕು ಎಂದು ನೀತಿ ಹೇಳುತ್ತ, ಓದಿಸುವ ಗಂಡ ಸಿಗಬೇಕು ಎಂದು ಭಾವ ತುಂಬಿದರೆ ಉಳಿಯುವುದು ಎರಡನೆಯದು.

ಎರಡನೆಯ ಆಕ್ಷೇಪ ಹೆಣ್ಣುಮಕ್ಕಳ ಸುಖದ ಕುರಿತಾದದ್ದು. ದಿನವಿಡೀ ಯಾರೂ ಕೇಳದ, ಯಾರೂ ಗಮನಿಸದ ಹೆಂಗಸು ರಾತ್ರಿ ಅರ್ಧ ಗಂಟೆ ತನ್ನನ್ನು ಗಮನಿಸುವಂಥ ಒಬ್ಬನನ್ನು ನೋಡಿ ಮನಸ್ಸು ಹಗುರ ಮಾಡಿಕೊಂಡರೆ ಅದರಲ್ಲಿ ತಪ್ಪು ಹುಡುಕುವುದು ಕ್ರೂರವಲ್ಲವೇ? ಈ ಮಾತು ನನ್ನನ್ನು ತಟ್ಟುತ್ತದೆ, ಏಕೆಂದರೆ ಆ ಹಂಬಲ ನಿಜ. ಹೆಂಗಸರ ಧಾರಾವಾಹಿ ಹುಚ್ಚನ್ನು ಹಳಿಯುವ ಗಂಡಸರ ಟೀಕೆಯಲ್ಲಿ ಈ ಹಂಬಲದ ಅರಿವು ಸ್ವಲ್ಪವೂ ಇರುವುದಿಲ್ಲ. ಆದರೆ ಟೀಕಿಸುತ್ತಿರುವುದು ಹಂಬಲವನ್ನಲ್ಲ, ಆ ಹಂಬಲಕ್ಕೆ ಸಿಗುತ್ತಿರುವ ಕಡಿಮೆ ಕೂಲಿಯನ್ನು. ತನ್ನನ್ನು ಗಮನಿಸುವವನು ಬೇಕು ಎನ್ನುವ ಆಸೆಯ ಒಳಗೆ ತನ್ನ ಕೆಲಸ ಹಂಚಿಕೊಳ್ಳುವವನು ಬೇಕು, ತಾನು ಬೇಡ ಎಂದಾಗ ಸುಮ್ಮನಿರುವವನು ಬೇಕು, ತಾನು ತಪ್ಪು ಮಾಡಿದಾಗಲೂ ಬಿಟ್ಟುಹೋಗದವನು ಬೇಕು ಎನ್ನುವ ಆಸೆಗಳೂ ಇವೆ. ನಾಯಕಿ ಯಾವಾಗಲೂ ಸರಿಯಾಗಿರುವ ಕಥೆಯಲ್ಲಿ ಅವಳ ಪಕ್ಕ ನಿಲ್ಲುವುದು ಸುಲಭ. ಅವಳು ಎಡವಿದಾಗ, ಸ್ವಾರ್ಥಿಯಾದಾಗ, ಮಕ್ಕಳಿಗಿಂತ ಕೆಲಸವನ್ನು ಮೇಲೆ ಇಟ್ಟಾಗ ನಿಲ್ಲುವ ಗಂಡಸನ್ನು ಬರೆದು ನೋಡಿದವರು ತೀರ ಕಡಿಮೆ.

ಬೆಂಬಲವೆಂದರೆ ಗಂಡಸಿನದೇ ಆಗಬೇಕೆಂಬ ನಿಯಮವೂ ಇಲ್ಲ ಎನ್ನುವುದನ್ನು ಕನ್ನಡದ್ದೇ ಒಂದು ಧಾರಾವಾಹಿ ತೋರಿಸಿತು. 2022ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ‘ಭಾಗ್ಯಲಕ್ಷ್ಮಿ’ಯ ಭಾಗ್ಯಾಗೆ ಗಂಡ ತಾಂಡವ್‌ನಿಂದ ಸಿಗುವುದು ಅವಮಾನ, ದ್ರೋಹ. ಸಾಮಾನ್ಯ ಸೂತ್ರದ ಪ್ರಕಾರ ಆಗ ಒಬ್ಬ ಅನುಜ್ ಬರಬೇಕು. ಬದಲಿಗೆ ಎದ್ದು ನಿಂತವಳು ಅತ್ತೆ ಕುಸುಮಾ. ಬಿಟ್ಟ ಓದನ್ನು ಮುಂದುವರಿಸಲು ಸೊಸೆ ತನ್ನ ಮಗಳ ಜೊತೆಯೇ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಾಗ ಅವಳ ಬೆನ್ನಿಗಿದ್ದವಳು ಈ ಅತ್ತೆ, ಹೆತ್ತ ಮಗನಿಗೆ ಎದುರು ನಿಂತವಳೂ ಈ ಅತ್ತೆ. ಎಷ್ಟೋ ದಶಕಗಳಿಂದ ಖಳಪಾತ್ರವನ್ನೇ ಹೊತ್ತ ಅತ್ತೆಯನ್ನು ಈ ಜಾಗಕ್ಕೆ ತಂದ ಕೂಡಲೇ ಒಂದು ಸಂಗತಿ ನಿಚ್ಚಳವಾಯಿತು. ಕುಸುಮಾಳ ಬೆಂಬಲಕ್ಕೆ ಕೊಳಲು ಬೇಕಾಗಲಿಲ್ಲ. ಅವಳು ಬೈಯುತ್ತಾಳೆ, ಜಗಳವಾಡುತ್ತಾಳೆ, ಜೊತೆಗೆ ಕೆಲಸ ಮಾಡುತ್ತಾಳೆ. ನೋಡುಗರು ಅದನ್ನು ಎರಡು ಕೈ ಚಾಚಿ ಒಪ್ಪಿಕೊಂಡರು. ಹಾಗಾಗಿ ಪ್ರೇಕ್ಷಕರು ಒಪ್ಪುವುದಿಲ್ಲ ಎನ್ನುವ ವಾಹಿನಿಗಳ ಹಳೆಯ ಸಬೂಬು ಇಲ್ಲಿ ನಿಲ್ಲುವುದಿಲ್ಲ. ಹೆಂಗಸಿನಿಂದ ಬಂದಾಗ ಇಷ್ಟು ಸಹಜವಾಗಿ ಕಾಣುವ ಬೆಂಬಲವನ್ನು ಗಂಡಸಿನ ಪಾತ್ರಕ್ಕೂ ಅಷ್ಟೇ ಸಹಜವಾಗಿ, ಕೊಳಲಿಲ್ಲದೆ, ಕಣ್ಣೀರಿನ ಕಪ್ಪ ಕೇಳದೆ ಬರೆಯುವ ಕೆಲಸ ನಮ್ಮ ಧಾರಾವಾಹಿ ಬರಹಗಾರರ ಮುಂದೆ ಹಾಗೆಯೇ ಉಳಿದಿದೆ.